ಅರಿಷಿಣ ಹತ್ತಿದ ಜೆರ್ಸಿ

ತಿಕೋಟಾ ಸೀಮೆಯಲ್ಲಿ ಮಣೂಕದ ಹಂಗಾಮು ಮತ್ತು ಐಪಿಎಲ್ ಹೆಚ್ಚುಕಡಿಮೆ ಕೂಡಿಯೇ ಬರುತ್ತವೆ. ಪಡದಿಂದ ದ್ರಾಕ್ಷಿ ಗೊನೆ ಕೊಯ್ದು, ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಗಾಳಿ, ಬಿಸಿಲು ಸರಿಯಾಗಿದ್ದರೆ ಎರಡು ವಾರದ ಸುಮಾರಿಗೆ ಹಸಿರು ದ್ರಾಕ್ಷಿ ಮಣೂಕವಾಗಿ ಸಾಂಗ್ಲಿ, ತಾಸಗಾಂವದ ಪೇಟೆಗೆ ಹೋಗಲು ತಯಾರು. ಅಷ್ಟು ದಿನ ಶೆಡ್ಡನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಒಂದು ಅಕಾಲಿಕ ಮಳೆ ಬಂದರೂ ವರ್ಷದ ದುಡಿಮೆ ಕಪ್ಪಾಗಿ ಹೋಗುತ್ತದೆ. ಕಾಯುವ ಹುಡುಗರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಆರ್‌ಸಿಬಿ.

ಅಂಥದೊಂದು ಮನೆಯ ಮಗಳು ಅವಳು. ಹೆಸರು ಬೇಡ ಎಂದಿದ್ದಾಳೆ. ತಿಕೋಟಾದಲ್ಲಿ ಹುಟ್ಟಿ, ವಿಜಯಪುರದಲ್ಲಿ ಪಿಯುಸಿ, ಪದವಿ ಓದಿ, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ, ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಳು. ಅವನು ಬಬಲೇಶ್ವರದವನು. ಗೊಬ್ಬರ, ಬೀಜ, ಕ್ರಿಮಿನಾಶಕದ ಅಂಗಡಿ ಇಟ್ಟಿದ್ದ. 2024ರ ಫೆಬ್ರುವರಿಯಲ್ಲಿ ನಿಶ್ಚಯವಾಯಿತು. ಆ ಬೇಸಿಗೆಯಲ್ಲೇ ಲಗ್ನ ಎಂದು ಮಾತಾಗಿತ್ತು. ಅಷ್ಟರಲ್ಲಿ ಹುಡುಗನ ಅಜ್ಜಿ ತೀರಿಕೊಂಡರು. ವರ್ಷ ತುಂಬುವತನಕ ಮನೆಯಲ್ಲಿ ಶುಭಕಾರ್ಯ ಬೇಡವೆಂದು ಹಿರಿಯರು ತೀರ್ಮಾನಿಸಿದರು. ಹೀಗಾಗಿ ನಿಶ್ಚಯಕ್ಕೂ ಅಕ್ಕಿಕಾಳಿಗೂ ನಡುವೆ ಎರಡು ಐಪಿಎಲ್‌ಗಳು ಬಂದುಹೋದವು. ಅವನು ಎಂಥವನೆಂದು ಅವಳಿಗೆ ತಿಳಿದದ್ದು ಆ ಎರಡು ಹಂಗಾಮುಗಳಲ್ಲಿ.

ಲಗ್ನಕ್ಕೆ ಮೊದಲು ಹುಡುಗ, ಹುಡುಗಿ ಕೂಡಿ ತಿರುಗಾಡುವುದನ್ನು ಈ ಭಾಗದ ಹಿರಿಯರು ಈಗೀಗ ಕಂಡೂ ಕಾಣದಂತೆ ಇರುತ್ತಾರೆ. ನಿಶ್ಚಯವಾಗಿದೆಯಲ್ಲ ಎಂಬ ಸಮಾಧಾನ. ಆದರೆ ಸ್ವಂತ ಊರಲ್ಲಿ ಅದು ನಡೆಯದು. ತಿಕೋಟಾ ಇರುವುದು ಅಥಣಿ ರಸ್ತೆಗೆ, ಬಬಲೇಶ್ವರ ಜಮಖಂಡಿ ರಸ್ತೆಗೆ. ಎರಡೂ ರಸ್ತೆ ವಿಜಯಪುರಕ್ಕೆ ಬಂದು ಸೇರುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದಿದ್ದರಿಂದ ಅವಳ ಬಸ್ಸಿನ ಖರ್ಚೂ ಇರಲಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಅವನು ಬೈಕಿನಲ್ಲಿ ಬರುತ್ತಿದ್ದ. ಗಾಂಧಿ ಚೌಕದಲ್ಲಿ ಸೇರಿ, ಬಾರಾಕಮಾನ್ ಇಲ್ಲವೇ ಇಬ್ರಾಹಿಂ ರೋಜಾ ಕಡೆ ಹೋಗಿ, ಗಿರಮಿಟ್ಟೋ ಮಿರ್ಚಿಯೋ ತಿಂದು, ಕತ್ತಲಾಗುವ ಮೊದಲೇ ತಂತಮ್ಮ ಊರಿನ ಹಾದಿ ಹಿಡಿಯಬೇಕು.

ಯಾವ ಭಾನುವಾರ ಸೇರುವುದು ಎನ್ನುವುದನ್ನು ಮಾತ್ರ ಅವರಿಬ್ಬರೂ ನಿರ್ಧರಿಸುತ್ತಿರಲಿಲ್ಲ. ಬಿಸಿಸಿಐ ವೇಳಾಪಟ್ಟಿ ನಿರ್ಧರಿಸುತ್ತಿತ್ತು.

"ಮುಂದಿನ ಐತವಾರ ಬರ್ತೀರೇನ್ರಿ?" ಎಂದು ಅವಳು ಕೇಳಿದರೆ ಅವನು ಮೊದಲು ಮೊಬೈಲು ತೆಗೆಯುತ್ತಿದ್ದ. ಮಧ್ಯಾಹ್ನ ಮೂರೂವರೆಯ ಮ್ಯಾಚಾದರೆ ಆಗದು. ಸಂಜೆ ಏಳೂವರೆಯದಾದರೆ ಐದಕ್ಕೇ ಹೊರಡಬೇಕು. ಆರ್‌ಸಿಬಿ ಮ್ಯಾಚ್ ಇಲ್ಲದ ದಿನವೂ ಪಾಯಿಂಟ್ ಪಟ್ಟಿಯಲ್ಲಿ ತಮ್ಮ ತಂಡ ಮೇಲೇರಲು ಯಾರು ಯಾರನ್ನು ಸೋಲಿಸಬೇಕು ಎಂಬ ಲೆಕ್ಕ ಅವನ ತಲೆಯಲ್ಲಿ ನಡೆದೇ ಇರುತ್ತಿತ್ತು. ಮೊದಮೊದಲು ಅವಳಿಗೆ ಸಿಟ್ಟು ಬಂದದ್ದುಂಟು. ಕ್ರಿಕೆಟ್ಟಿನ ಮೇಲಲ್ಲ, ತನ್ನ ಪಾಲಿಗೆ ಉಳಿದ ವೇಳೆಯನ್ನು ಬೇರೆ ಯಾರೋ ಅಳೆದು ಕೊಡುತ್ತಿದ್ದಾರೆ ಎಂಬುದರ ಮೇಲೆ.

ಒಮ್ಮೆ ಇಬ್ಬರೂ ಗೋಳಗುಮ್ಮಟ ಹತ್ತಿದರು. ಮೂಲೆಯ ಮಿನಾರಿನ ಇಕ್ಕಟ್ಟಾದ ಮೆಟ್ಟಿಲು ಏರಿ ಗುಮ್ಮಟದ ಒಳಸುತ್ತಿನ ಪಿಸುಗುಟ್ಟುವ ಗ್ಯಾಲರಿಗೆ ಬಂದರೆ, ಈ ಬದಿಯಲ್ಲಿ ಗೋಡೆಗೆ ಮುಖಮಾಡಿ ಮೆಲ್ಲಗೆ ಆಡಿದ್ದು ಆಚೆ ಬದಿಯವರಿಗೆ ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟ. ಶಾಲೆ ಮಕ್ಕಳ ಗುಂಪೊಂದು ಆಗಷ್ಟೇ ಇಳಿದಿತ್ತು. ಅವನು ಓಡಿ ಎದುರು ಬದಿಗೆ ಹೋಗಿ ನಿಂತ. ಈಗೇನೋ ಹೇಳುತ್ತಾನೆ ಎಂದು ಅವಳು ಕಲ್ಲಿಗೆ ಕಿವಿ ಹಚ್ಚಿದಳು. ಬಂದದ್ದು "ಆರ್‌ಸಿಬಿ, ಆರ್‌ಸಿಬಿ" ಎಂಬ ಕೂಗು. 1656ರಲ್ಲಿ ಮುಗಿದ ಮೊಹಮ್ಮದ್ ಆದಿಲ್ ಶಾಹನ ಆ ಗೋರಿ ಅದನ್ನು ಮತ್ತೆ ಮತ್ತೆ ಹೇಳಿ, ಬಾಗಿಲಲ್ಲಿ ನಿಂತ ಕಾವಲುಗಾರ ಗದರಿದ್ದನ್ನೂ ಸೇರಿಸಿ ಹೇಳಿತು. ಕಡೆಗೆ ಸದ್ದಡಗಿದ ಮೇಲೆ, ಗೋಡೆಯೊಳಗಿಂದಲೇ ಬಂದಂತೆ, ಅವಳ ಹೆಸರೂ ಒಮ್ಮೆ ಕೇಳಿಸಿತು. ಎರಡನ್ನೂ ಅವನು ಮನಸ್ಸಿಟ್ಟೇ ಹೇಳಿದ್ದ ಎಂದು ಅವಳಿಗೆ ಈಗ ಅನ್ನಿಸುತ್ತದೆ.

ನಿಶ್ಚಯಕ್ಕೆ ಮೊದಲು ಹುಡುಗನನ್ನು ನೋಡಲು ಬಬಲೇಶ್ವರಕ್ಕೆ ಹೋದಾಗ ಅವಳಪ್ಪ ಅಂಗಡಿ, ಹೊಲ, ಮನೆಗಿಂತ ಹೆಚ್ಚು ವಿಚಾರಿಸಿದ್ದು ಬೇರೆ ಸಂಗತಿ. "ಹುಡುಗ ಕ್ರಿಕೆಟ್ ಹುಚ್ಚ ಅಂತಾರ. ಬೆಟ್ಟಿಂಗ್ ಆಡ್ತಾನೇನ್ರಿ?" ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಐಪಿಎಲ್ ಬೆಟ್ಟಿಂಗಿನ ಸಾಲಕ್ಕೆ ಬೈಕು, ಬಂಗಾರ, ಕಡೆಗೆ ಹೊಲವನ್ನೇ ಕಳೆದುಕೊಂಡ ಹುಡುಗರ ಕತೆಗಳನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಯಾರಾದರೂ ಹೇಳುತ್ತಾರೆ. ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2025ರ ಆಗಸ್ಟ್‌ನಲ್ಲಿ. ಅದಕ್ಕಿಂತ ಮೊದಲು ಹೆಣ್ಣು ಹೆತ್ತವರೇ ಹೀಗೆ ಕಾಯ್ದೆಯ ಕೆಲಸ ಮಾಡಬೇಕಾಗಿತ್ತು. ನಾಲ್ಕು ಕಡೆ ಕೇಳಿದರು. "ಸೋತ್ರ ಊಟಾ ಬಿಡ್ತಾನ, ರೊಕ್ಕಾ ಹಚ್ಚಂಗಿಲ್ಲ" ಎಂದು ಅಂಗಡಿಯ ಪಕ್ಕದವರು ಹೇಳಿದ ಮೇಲೆಯೇ ಅಪ್ಪ ಹೂಂ ಅಂದದ್ದು.

ಊಟ ಬಿಡುವುದಕ್ಕೆ ಅವನಿಗೆ ಬೇಕಾದಷ್ಟು ಕಾರಣಗಳಿದ್ದವು. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಫೈನಲ್. ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಡೆಕ್ಕನ್ ಚಾರ್ಜರ್ಸ್ ಎದುರು ಆರು ರನ್ನಿನ ಸೋಲು. 2011ರಲ್ಲಿ ಚೆನ್ನೈಯಲ್ಲಿ 58 ರನ್ನಿನ ಸೋಲು. ಎಲ್ಲಕ್ಕಿಂತ ದೊಡ್ಡದು 2016ರ ಮೇ 29, ಅದೂ ಬೆಂಗಳೂರಿನಲ್ಲೇ. ಆ ಸೀಸನ್ನಿನಲ್ಲಿ ಕೊಹ್ಲಿ 973 ರನ್ ಹೊಡೆದಿದ್ದರು. ಫೈನಲ್ಲಿನಲ್ಲಿ ಹೈದರಾಬಾದ್ ಕೊಟ್ಟ 209ರ ಗುರಿಗೆ ಗೇಲ್, ಕೊಹ್ಲಿ ಹತ್ತೂವರೆ ಓವರಿನಲ್ಲಿ 114 ರನ್ ಕೂಡಿಸಿದರು. ಅವನ ಓಣಿಯಲ್ಲಿ ಹುಡುಗರು "ಗೆದ್ವಿ, ಗೆದ್ವಿ" ಎಂದು ಕೂಗಿ ಪಟಾಕಿ ಸರ ಬಿಚ್ಚಿ ನೆಲಕ್ಕೆ ಹಾಸಿಬಿಟ್ಟಿದ್ದರು. ತಂಡ ಎಂಟು ರನ್ನಿನಿಂದ ಸೋತಿತು. ಹಾಸಿದ ಸರವನ್ನು ಮತ್ತೆ ಸುತ್ತಿ ಡಬ್ಬಿಗೆ ತುಂಬಿದವನು ಅವನೇ. ಅಂದಿನಿಂದ ಕೊನೆಯ ಬಾಲು ಬೀಳುವವರೆಗೆ ಅವನ ಮುಂದೆ ಯಾರೂ ಗೆದ್ವಿ ಅನ್ನುವ ಹಾಗಿಲ್ಲ.

ಆ ಮೂರೂ ರಾತ್ರಿ ಅವನ ಜೊತೆ ಕೂತು ನೋಡಿದವರು ಅಜ್ಜಿ. ಎಲ್‌ಬಿಡಬ್ಲ್ಯು ಎಂದರೇನೆಂದು ಅವರಿಗೆ ಕಡೆಯವರೆಗೂ ತಿಳಿಯಲಿಲ್ಲ. ಮೊಮ್ಮಗ ಒಬ್ಬನೇ ಕೂಡಬಾರದೆಂದು ಎಲೆಅಡಿಕೆ ಚೀಲ ಹಿಡಿದು ಟಿ.ವಿ. ಮುಂದೆ ಬಂದು ಕೂಡುತ್ತಿದ್ದರು. ಕೊಹ್ಲಿ ಔಟಾದರೆ "ಪಾಪ, ಉಂಡಾನೋ ಇಲ್ಲೋ" ಅನ್ನುತ್ತಿದ್ದರು. ಸೋತಾಗ "ಹೋಗ್ಲಿ ಬಿಡಪಾ, ಮುಂದಿನ ವರ್ಷ ಗೆಲ್ತಾರ" ಎಂದು ಎದ್ದು ಹೋಗುತ್ತಿದ್ದರು. 2009ರಲ್ಲಿ ಅದನ್ನೇ ಅಂದರು, 2011ರಲ್ಲೂ, 2016ರಲ್ಲೂ. ಇದನ್ನು ಅವನು ಅವಳಿಗೆ ಹೇಳಿದ್ದು ನಿಶ್ಚಯವಾಗಿ ಕೆಲವು ವಾರಗಳಾದ ಮೇಲೆ. ಕ್ರೀಡಾಪ್ರೇಮಿಗಳ ಹುಚ್ಚು ತಂಡದ್ದು ಎಂದು ಹೊರಗಿನವರು ತಿಳಿಯುತ್ತಾರೆ. ಅನೇಕರಲ್ಲಿ ಅದು ಪಕ್ಕದಲ್ಲಿ ಕೂತವರದೂ ಆಗಿರುತ್ತದೆ.

ಆದರೆ ಅವಳಿಗೂ ಒಂದು ಸೋಲಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

2017ರ ಜುಲೈ. ಅವಳಾಗ ವಿಜಯಪುರದಲ್ಲಿ ಪಿಯುಸಿ ಓದುತ್ತಿದ್ದಳು, ಚಿಗವ್ವನ ಮನೆಯಲ್ಲಿ ವಾಸ. ಇಂಗ್ಲೆಂಡಿನಲ್ಲಿ ಮಹಿಳೆಯರ ವಿಶ್ವಕಪ್ ನಡೆದಿತ್ತು. ತಂಡದಲ್ಲಿ ರಾಜೇಶ್ವರಿ ಗಾಯಕ್ವಾಡ್ ಇದ್ದರು. 1991ರಲ್ಲಿ ವಿಜಯಪುರದಲ್ಲೇ ಹುಟ್ಟಿ, ಇಲ್ಲೇ ಆಟ ಕಲಿತ ಎಡಗೈ ಸ್ಪಿನ್ನರ್. 2014ರ ಜನವರಿಯಲ್ಲಿ ಭಾರತ ತಂಡಕ್ಕೆ ಬಂದರು. ಮಗಳು ಆಟಗಾರ್ತಿಯಾಗಲೆಂದು ಹಂಬಲಿಸಿದ್ದ ತಂದೆ ಅದೇ ವರ್ಷ ತೀರಿಕೊಂಡರು. ವಿಶ್ವಕಪ್‌ನ ಮೊದಲ ಪಂದ್ಯಗಳಲ್ಲಿ ರಾಜೇಶ್ವರಿಗೆ ಆಡುವ ಅವಕಾಶವೇ ಸಿಕ್ಕಿರಲಿಲ್ಲ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧದ ಪಂದ್ಯ. ಗೆದ್ದರೆ ಸೆಮಿಫೈನಲ್, ಸೋತರೆ ಮನೆ. ಮಿಥಾಲಿ ರಾಜ್ ಶತಕ ಹೊಡೆದರು, ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಬಾರಿಸಿದರು, ಭಾರತ 265 ಮಾಡಿತು. ಆಮೇಲೆ ರಾಜೇಶ್ವರಿ ಚೆಂಡು ಕೈಗೆ ತೆಗೆದುಕೊಂಡರು. 15 ರನ್ನಿಗೆ 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಆಲೌಟ್.

ಎಂಟು ದಿನಕ್ಕೆ, ಜುಲೈ 23ರ ಭಾನುವಾರ, ಲಾರ್ಡ್ಸ್‌ನಲ್ಲಿ ಫೈನಲ್. ಎದುರಾಳಿ ಇಂಗ್ಲೆಂಡ್, ಗುರಿ 229. ಮೂರು ವಿಕೆಟ್ಟಿಗೆ 191 ಆಗಿತ್ತು. ಚಿಗವ್ವ ಶಾವಿಗೆ ಪಾಯಸಕ್ಕೆ ಹಾಲು ಕಾಯಿಸಲು ಇಟ್ಟಿದ್ದಳು. ಅಲ್ಲಿಂದ ಮುಂದೆ 28 ರನ್ನಿನೊಳಗೆ ಏಳು ವಿಕೆಟ್ ಬಿದ್ದವು. ಆನ್ಯಾ ಶ್ರಬ್‌ಸೋಲ್ ಆರು ವಿಕೆಟ್ ಕಿತ್ತರು. ಕೊನೆಗೆ ಬ್ಯಾಟ್ ಹಿಡಿದು ಬಂದವರು ರಾಜೇಶ್ವರಿ. ಬೌಲ್ಡ್. ಒಂಬತ್ತು ರನ್ನಿನ ಸೋಲು. ವಿಜಯಪುರದ ಹುಡುಗಿಯ ಸ್ಟಂಪು ಬಿದ್ದದ್ದರೊಂದಿಗೆ ವಿಶ್ವಕಪ್ ಮುಗಿಯಿತು. ಪಾಯಸವನ್ನು ಚಿಗವ್ವ ಮಾಡಿದಳು, ಯಾರೂ ಸರಿಯಾಗಿ ತಿನ್ನಲಿಲ್ಲ.

ಊರಿಗೆ ಮರಳಿದ ರಾಜೇಶ್ವರಿಗೆ ಬಬಲೇಶ್ವರ ಕ್ಷೇತ್ರದ ಶಾಸಕರೂ ಆಗಿನ ಜಲಸಂಪನ್ಮೂಲ ಸಚಿವರೂ ಆಗಿದ್ದ ಎಂ.ಬಿ. ಪಾಟೀಲರು ಕಾರು ಕೊಡಲು ಮುಂದಾದರು. ಕಾರಿಗಿಂತ ನನ್ನ ಕುಟುಂಬಕ್ಕೆ ಮನೆ ಹೆಚ್ಚು ಅಗತ್ಯ ಎಂದು ರಾಜೇಶ್ವರಿ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಹದಿನೇಳರ ಹುಡುಗಿಗೆ ಆ ಮಾತು ಐದು ವಿಕೆಟ್ಟಿಗಿಂತ ದೊಡ್ಡದಾಗಿ ಕಂಡಿತು. ದೇಶಕ್ಕೆ ಆಡಿದಾಕೆಯೂ ಮನೆ ಬಾಡಿಗೆಯ ಚಿಂತೆ ಮಾಡಬೇಕೆಂಬುದು ಅವಳಿಗೆ ಆವರೆಗೆ ಹೊಳೆದಿರಲಿಲ್ಲ.

2024ರ ಫೆಬ್ರುವರಿಯ ಒಂದು ಸಂಜೆ, ಅಂಬೇಡ್ಕರ್ ಕ್ರೀಡಾಂಗಣದ ಬದಿಯಲ್ಲಿ ನಡೆಯುತ್ತ ಅವಳು ಕೇಳಿದಳು. "ರಾಜೇಶ್ವರಿ ಗಾಯಕ್ವಾಡ್ ಗೊತ್ತೇನ್ರಿ?"

"ಗೊತ್ತದ. ಇಂಡಿಯಾಕ್ಕ ಆಡ್ತಾಳ. ನಮ್ಮೂರಾಕಿ."

"ಡರ್ಬಿಯೊಳಗ ಎಷ್ಟು ವಿಕೆಟ್ ತಗೊಂಡ್ಳು?"

ಗೇಲ್ 2013ರಲ್ಲಿ ಪುಣೆ ಮೇಲೆ ಹೊಡೆದ 175ರಲ್ಲಿ ಎಷ್ಟು ಸಿಕ್ಸರ್ ಎಂದು ಕೇಳಿದ್ದರೆ ನಿದ್ದೆಯಲ್ಲೂ ಹದಿನೇಳು ಅನ್ನುತ್ತಿದ್ದವನು ಸುಮ್ಮನಾದ. ಅವಳು ಬಿಡಿಸಿ ಹೇಳಲಿಲ್ಲ. "ಮನೀಗಿ ಹೋಗಿ ನೋಡ್ರಿ" ಅಂದಳು. ನಡುರಾತ್ರಿ ದಾಟಿದ ಮೇಲೆ ಮೆಸೇಜು ಬಂತು. "ಹದಿನೈದು ರನ್ನಿಗೆ ಐದು! ಬಾಲ್ ಹೆಂಗ ತಿರಗ್ಯಾವ ನೋಡಿದೀ?" ಅವಳಿಗೇ ಮೊದಲ ಸಲ ಹೇಳುತ್ತಿರುವವನಂತೆ ಬರೆದಿದ್ದ. ಅವಳಿಗೆ ನಗುವೂ ಬಂತು, ಏನೋ ಹಗುರವೂ ಆಯಿತು. ಖರೇ ಅಭಿಮಾನಿಗೆ ಏಳು ವರ್ಷದ ಹಿಂದಿನ ವಿಕೆಟ್ಟೂ ತಾನು ಕಂಡ ದಿನ ಬಿದ್ದ ವಿಕೆಟ್ಟೇ.

ಅದೇ ತಿಂಗಳ 24ಕ್ಕೆ ಮಹಿಳೆಯರ ಲೀಗ್ ಡಬ್ಲ್ಯುಪಿಎಲ್‌ನಲ್ಲಿ ಆರ್‌ಸಿಬಿ ಎದುರು ಯುಪಿ ವಾರಿಯರ್ಸ್, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ರಾಜೇಶ್ವರಿ ಇದ್ದದ್ದು ಯುಪಿ ತಂಡದಲ್ಲಿ. ಅವಳು ಫೋನಿನಲ್ಲಿ ಕೇಳಿದಳು: "ಈಗ ಹೇಳ್ರಿ. ನಿಮ್ಮ ಟೀಮ್ ಗೆಲ್ಲಬೇಕೋ, ನಮ್ಮೂರಾಕಿ ಗೆಲ್ಲಬೇಕೋ?" ಅವನು ಬಹಳ ಹೊತ್ತು ಯೋಚಿಸಿ ಉತ್ತರ ಕೊಟ್ಟ. "ಆಕಿ ಐದು ವಿಕೆಟ್ ತಗೋಬೇಕು, ಮ್ಯಾಚ್ ನಾವು ಗೆಲ್ಲಬೇಕು." ಆ ರಾತ್ರಿ ಐದು ವಿಕೆಟ್ ಬಿದ್ದದ್ದು ಆರ್‌ಸಿಬಿಯ ಆಶಾ ಶೋಭನಾಗೆ. ಆರ್‌ಸಿಬಿ ಎರಡೇ ರನ್ನಿನಿಂದ ಗೆದ್ದಿತು. ಅವಳು ಫೋನ್ ಇಟ್ಟುಬಿಟ್ಟಳು. ಅವನು ಮರುದಿನ ಬೆಳಗ್ಗೆಯೇ ಬಸ್ ನಿಲ್ದಾಣದಲ್ಲಿ ಹಾಜರು. ಆ ದಿನ ಯಾವ ತಂಡದ ಮ್ಯಾಚ್ ಇತ್ತೆಂದು ಅವನು ನೋಡಿರಲೂ ಇಲ್ಲ.

ಮಾರ್ಚ್ 17, ಡೆಲ್ಲಿಯಲ್ಲಿ ಫೈನಲ್. ಏಳು ಓವರಿಗೆ ಡೆಲ್ಲಿ ಕ್ಯಾಪಿಟಲ್ಸ್ ವಿಕೆಟ್ ಕಳೆದುಕೊಳ್ಳದೆ 64 ಹೊಡೆದಿತ್ತು. ಮುಂದಿನ ಓವರಿನಲ್ಲಿ ಸೋಫಿ ಮೊಲಿನೊ ಮೂವರನ್ನು ಔಟ್ ಮಾಡಿದರು. ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್ ಕಿತ್ತರು. ಡೆಲ್ಲಿ 113ಕ್ಕೆ ಮುಗಿಯಿತು. ನಾಯಕಿ ಸ್ಮೃತಿ ಮಂಧಾನ ಬೆಳೆದದ್ದು ಸಾಂಗ್ಲಿಯಲ್ಲಿ, ತಿಕೋಟಾದವರು ಮಣೂಕ ಹೇರಿಕೊಂಡು ಹೋಗುವ ಅದೇ ಸಾಂಗ್ಲಿಯಲ್ಲಿ. ಕೊನೆಯ ಓವರಿನಲ್ಲಿ ರಿಚಾ ಘೋಷ್ ಬೌಂಡರಿ ಹೊಡೆದು ಎಂಟು ವಿಕೆಟ್‌ಗಳ ಗೆಲುವು ತಂದರು. ಆರ್‌ಸಿಬಿ ಹೆಸರಿಗೆ ಮೊದಲ ಕಪ್ಪು ಬಂತು.

ಬಬಲೇಶ್ವರದಲ್ಲಿ ಪಟಾಕಿ ಹಚ್ಚಿದವರು ಕೆಲವೇ ಮಂದಿ. ಹದಿನಾರು ವರ್ಷ ಕಪ್ಪು ಕಪ್ಪು ಎಂದು ಕೂಗಿದ ಊರು, ಬಂದ ಕಪ್ಪನ್ನು ಇದಲ್ಲ, ಇನ್ನೊಂದು ಬರಬೇಕು ಎಂಬಂತೆ ನೋಡಿತು. ಊರೇನು, ನಾಡಿನ ಎಷ್ಟೋ ಕಡೆ ಹೀಗೇ ಆಯಿತು. ಅವನ ಮನೆಯಲ್ಲೂ ತಮ್ಮಂದಿರು "ಗಂಡುಮಕ್ಕಳ ಕಪ್ ಬ್ಯಾರೆ" ಎಂದು ವಾದಕ್ಕಿಳಿದರು. ಅಜ್ಜಿ ಗೋಡೆಗೆ ಒರಗಿ ಕೂತಿದ್ದವರು ಕೇಳಿದರು. "ಅಂಗಿ ಅದ ಐತಿಲ್ಲೋ?" ಅದೇ ಎಂದ ಅವನು. "ಹೆಸರು?" ಅದೂ ಅದೇ. "ಮತ್ತ ಗೆದ್ರಲ್ಲ, ಮುಗೀತಲ್ಲ" ಎಂದು ಅಜ್ಜಿ ಒಳಗಿನಿಂದ ಬೆಲ್ಲ ತರಿಸಿ ಎಲ್ಲರ ಬಾಯಿಗೂ ಹಾಕಿಸಿದರು.

ಯುಗಾದಿ ಮುಗಿದ ವಾರ ಅಜ್ಜಿ ಹೋದರು.

ಅದೇ ಏಪ್ರಿಲ್‌ನಲ್ಲಿ ಗಂಡಸರ ತಂಡ ಸಾಲಾಗಿ ಸೋಲುತ್ತಿತ್ತು. ಏಪ್ರಿಲ್ 15ರಂದು ಹೈದರಾಬಾದ್ ಬೆಂಗಳೂರಿನಲ್ಲೇ 287 ರನ್ ಹೊಡೆಯಿತು. 21ರಂದು ಕೋಲ್ಕತ್ತದಲ್ಲಿ ಒಂದೇ ರನ್ನಿನ ಸೋಲು. ಅವನು ಫೋನಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಅಜ್ಜಿಯ ದುಃಖವೋ ಆರ್‌ಸಿಬಿಯ ದುಃಖವೋ ಎಂದು ಅವನ ತಾಯಿಗೂ ತಿಳಿಯುತ್ತಿರಲಿಲ್ಲ. ಎರಡನ್ನೂ ಬೇರೆ ಬೇರೆ ಮಾಡಲು ಬಾರದು ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಟಿ.ವಿ. ಮುಂದೆ ಈಗ ಅವನೊಬ್ಬನೇ. ಅವಳು ತಿಕೋಟಾದಲ್ಲಿ ಮಣೂಕ ಆರಿಸುವ ಹೆಂಗಸರ ನಡುವೆ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವನ ಜೊತೆ ಫೋನಿನಲ್ಲೇ ಮ್ಯಾಚ್ ನೋಡತೊಡಗಿದಳು. ಮಾತು ಕಡಿಮೆ. "ನೋ ಬಾಲ್ ಅಲ್ಲ?" "ಹೌದ್ರಿ." ಇಷ್ಟೇ. ತಂಡ ಆಮೇಲೆ ಸಾಲಾಗಿ ಆರು ಗೆದ್ದು, ಮೇ 18ರಂದು ಚೆನ್ನೈಯನ್ನು 27 ರನ್ನಿನಿಂದ ಮಣಿಸಿ ಪ್ಲೇಆಫ್ ಸೇರಿತು. ನಾಲ್ಕು ದಿನಕ್ಕೆ ಅಹಮದಾಬಾದಿನಲ್ಲಿ ರಾಜಸ್ಥಾನದೆದುರು ಸೋತು ಹೊರಬಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳು ಅಂದಳು: "ಹೋಗ್ಲಿ ಬಿಡ್ರಿ, ಮುಂದಿನ ವರ್ಷ ಗೆಲ್ತಾರ." ಆಚೆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ.

2025ರ ವಸಂತದಲ್ಲಿ ಮುಹೂರ್ತ ನೋಡಲು ಕೂತಾಗ ಐನಾರು ಮೇ ತಿಂಗಳಲ್ಲಿ ಒಂದು, ಜೂನ್ 4ಕ್ಕೆ ಇನ್ನೊಂದು ತೆಗೆದರು. ಜೂನ್ ಮೊದಲ ವಾರವೆಂದರೆ ಮುಂಗಾರಿ ಬಿತ್ತನೆ, ಗೊಬ್ಬರದ ಅಂಗಡಿಗೆ ಉಸಿರಾಡಲು ಪುರಸೊತ್ತಿಲ್ಲದ ಕಾಲ. ಆದರೂ ಹುಡುಗ ಜೂನ್ 4ನ್ನೇ ಹಿಡಿದ. ಕಾರಣ ಅವಳೊಬ್ಬಳಿಗೆ ಗೊತ್ತು. ಐಪಿಎಲ್ ಫೈನಲ್ ಮೇ 25ಕ್ಕಿತ್ತು. ಅದು ಮುಗಿದ ಮೇಲೆ ನೆಮ್ಮದಿಯಿಂದ ಲಗ್ನ.

ಮೇ 9ಕ್ಕೆ, ಗಡಿಯಲ್ಲಿ ಭಾರತ, ಪಾಕಿಸ್ತಾನ ಸಂಘರ್ಷ ನಡೆದಿದ್ದಾಗ, ಐಪಿಎಲ್ ನಿಂತಿತು. 17ಕ್ಕೆ ಮತ್ತೆ ಶುರುವಾಯಿತು. ಹೊಸ ವೇಳಾಪಟ್ಟಿಯಲ್ಲಿ ಫೈನಲ್ ಜೂನ್ 3ಕ್ಕೆ. ಲಗ್ನಪತ್ರಿಕೆ ಅಚ್ಚಾಗಿ ಅರ್ಧ ಹಂಚಿಯೂ ಆಗಿತ್ತು. ಮೇ 29ರ ಕ್ವಾಲಿಫೈಯರ್‌ನಲ್ಲಿ ಪಂಜಾಬನ್ನು 101ಕ್ಕೆ ಉರುಳಿಸಿ ಹತ್ತೇ ಓವರಿನಲ್ಲಿ ಗೆದ್ದ ಆರ್‌ಸಿಬಿ ನೇರ ಫೈನಲ್ಲಿಗೆ ಬಂತು. ಅವನು ಫೋನ್ ಮಾಡಿ ಕೇಳಿದ. "ಏನ್ ಮಾಡೂಣು?" ಅವಳು ಅಂದಳು: "ಅರಿಷಿಣಾ ಬೇಗ ಮುಗಸ್ರಿ."

ಬಬಲೇಶ್ವರದ ಕಲ್ಯಾಣ ಮಂಟಪದಲ್ಲಿ ಜೂನ್ 3ರ ಮಧ್ಯಾಹ್ನವೇ ಸುರಗಿ ಸುತ್ತಿದರು. ಅರಿಷಿಣದ ಬಿಳಿ ಬಟ್ಟೆಯ ಮೇಲೆ ಅವನು ಆರ್‌ಸಿಬಿಯ 18ನೇ ನಂಬರಿನ ಕೆಂಪು ಜೆರ್ಸಿ ಏರಿಸಿಕೊಂಡು ಬಂದದ್ದೇ ತಡ, ಅಕ್ಕ, ತಂಗಿಯರು, ಅತ್ತಿಗೆಯಂದಿರು ಎರಡೂ ಕೈ ತುಂಬ ಅರಿಷಿಣ ಬಳಿದರು. ಎದೆಯ ಸಿಂಹದ ಮೇಲೆ ಐದು ಬೆರಳು ಸ್ಪಷ್ಟವಾಗಿ ಮೂಡಿದ್ದವು. ಲಗ್ನದ ವಿಡಿಯೊ ತೋರಿಸಲು ತರಿಸಿದ್ದ ಎಲ್‌ಇಡಿ ಪರದೆಯಲ್ಲಿ ಏಳೂವರೆಗೆ ಅಹಮದಾಬಾದಿನ ಫೈನಲ್ ಬಂತು. ಅಡಿಗೆಯವರು ಸಹ ಸೌಟು ಹಿಡಿದೇ ಹೊರಗೆ ಬಂದು ನಿಂತರು. ಹೆಣ್ಣಿನ ಕಡೆಯವರು ಒಂದು ಬದಿ, ಗಂಡಿನ ಕಡೆಯವರು ಒಂದು ಬದಿ ಎಂಬ ಶಿಸ್ತು ಪವರ್‌ಪ್ಲೇ ಮುಗಿಯುವುದರೊಳಗೆ ಅಳಿಸಿಹೋಯಿತು.

ಎದುರಾಳಿ ಮತ್ತೆ ಪಂಜಾಬ್. ಆರ್‌ಸಿಬಿ 190. ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ ಕೇವಲ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದರು. ಕೊನೆಯ ಓವರಿಗೆ ಪಂಜಾಬಿಗೆ 29 ಬೇಕು. ಹೇಜಲ್‌ವುಡ್‌ರ ಮೊದಲೆರಡು ಎಸೆತಕ್ಕೆ ರನ್ ಇಲ್ಲ. ಪರದೆಯ ಮೇಲೆ ಕೊಹ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮಂಟಪವೆಲ್ಲ "ಗೆದ್ವಿ" ಎಂದು ಎದ್ದು ನಿಂತಿತು. ಅವನು ಮಾತ್ರ ಕುರ್ಚಿ ಬಿಡಲಿಲ್ಲ. "ಸುಮ್ಮನ ಕೂಡ್ರಿ, ಇನ್ನಾ ನಾಕ್ ಬಾಲ್ ಅದಾವ" ಎಂದು ಗದರಿದ. ಶಶಾಂಕ್ ಸಿಂಗ್ ಸಿಕ್ಸರ್ ಹೊಡೆದರು, ಬೌಂಡರಿ ಹೊಡೆದರು, ಮತ್ತೊಂದು ಸಿಕ್ಸರ್, ಕೊನೆಯ ಎಸೆತಕ್ಕೆ ಇನ್ನೊಂದು. ಆರು ರನ್ನಿನ ಗೆಲುವು. ಹದಿನೆಂಟನೇ ಸೀಸನ್ನು.

ಗೆಳೆಯರು ಅವನನ್ನು ಹೊತ್ತು ಕುಣಿದರು. "ಮೊದಲನೇ ಕಪ್ಪು" ಎಂದು ಯಾರೋ ಮೈಕಿನಲ್ಲಿ ಕೂಗಿದರು. ಹೆಗಲ ಮೇಲಿಂದಲೇ ಮೈಕು ಕಸಿದುಕೊಂಡು ಅವನು ಹೇಳಿದ. "ಎರಡನೇದು. ಮೊದಲನೇದು ನಮ್ಮಜ್ಜಿ ನೋಡ್ಯಾಳ."

ಇವನ ಜೊತೆ ಬಾಳಬಹುದು ಎಂದು ಅವಳಿಗೆ ಪೂರ್ತಿ ಖಾತ್ರಿಯಾದದ್ದು ಅಕ್ಕಿಕಾಳು ಬಿದ್ದಾಗ ಅಲ್ಲ, ಅದರ ಹಿಂದಿನ ರಾತ್ರಿ ಆ ಮಾತಿಗೆ.

ಮರುದಿನ ಮಧ್ಯಾಹ್ನ ಅಕ್ಕಿಕಾಳು ಬಿದ್ದವು. ಹುಗ್ಗಿ, ಬದನೆಕಾಯಿ ಪಲ್ಲೆ, ಅನ್ನ, ಸಾರಿನ ಪಂಕ್ತಿಗಳು ಮುಗಿದು, ಸಂಜೆಯ ಮೆರವಣಿಗೆಗೆ ಡಿಜೆಯ ಗಾಡಿ ಬಂದು ನಿಂತಿತ್ತು. ಅಷ್ಟರಲ್ಲಿ ಬೆಂಗಳೂರಿನ ಸುದ್ದಿ ಬರತೊಡಗಿತು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲು. ಸತ್ತವರು ಒಬ್ಬರೆಂದರು, ಮೂವರೆಂದರು, ರಾತ್ರಿಯ ಹೊತ್ತಿಗೆ ಲೆಕ್ಕ ಹನ್ನೊಂದಕ್ಕೆ ನಿಂತಿತು. ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆಂದು ಮನೆಯಿಂದ ಹೊರಟವರು, ಬಹುತೇಕರು ಹರೆಯದವರು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅವನ ಗೆಳೆಯರಿಬ್ಬರು ಲಗ್ನಕ್ಕೆ ಬಾರದೆ ಅಲ್ಲಿಗೆ ಹೋಗಿದ್ದರು. ಅವರ ಫೋನು ಹತ್ತುತ್ತಿರಲಿಲ್ಲ. ಮದುಮಗ ಬಾಸಿಂಗ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಮತ್ತೆ ಮತ್ತೆ ನಂಬರು ಒತ್ತುತ್ತ ಕೂತ. ಅವಳು ಪಕ್ಕದಲ್ಲಿ ಕೂತು ಇನ್ನೊಂದು ಫೋನಿನಿಂದ ಒತ್ತಿದಳು. ಕತ್ತಲಾದ ಮೇಲೆ ಒಬ್ಬ ಸಿಕ್ಕ. ಇಬ್ಬರೂ ಬದುಕಿದ್ದರು, ಒಬ್ಬನ ಚಪ್ಪಲಿ, ಕನ್ನಡಕ ಹೋಗಿದ್ದವು. ಅವನು ಎದ್ದು ಹೊರಗೆ ಹೋಗಿ ಡಿಜೆಯವನಿಗೆ ಪೂರ್ತಿ ಹಣ ಕೊಟ್ಟು ವಾಪಸು ಕಳಿಸಿದ. ಮೆರವಣಿಗೆ ನಡೆಯಲಿಲ್ಲ. ಹಿರಿಯರು ಯಾರೂ ಬೇಡ ಅನ್ನಲಿಲ್ಲ.

ಆಟದ ಪ್ರೀತಿಗೆ ಜನ ಸಾಯಬಾರದು. ಅಷ್ಟು ಮಂದಿ ಬಂದೇ ಬರುತ್ತಾರೆಂದು ತಿಳಿದಿದ್ದ ದಿನ ಅವರನ್ನು ಕಾಯುವ ಏರ್ಪಾಟು ಮಾಡುವುದು ಕರೆದವರ, ಆಳುವವರ ಹೊಣೆ. ಇದರಲ್ಲಿ ಅಭಿಮಾನಿಯ ಹುಚ್ಚನ್ನು ಬೈದು ಕೈ ತೊಳೆದುಕೊಳ್ಳುವುದು ಅನ್ಯಾಯ. ಅವನು ಅಂದಿನಿಂದ ಎಷ್ಟೋ ತಿಂಗಳು ಜೆರ್ಸಿ ಮುಟ್ಟಲಿಲ್ಲ. ಅವಳು ಅದನ್ನು ಒಗೆದಳು. ಅರಿಷಿಣ ಪೂರ್ತಿ ಹೋಗಲಿಲ್ಲ.

ನವೆಂಬರ್ 2ರಂದು ನವಿ ಮುಂಬೈಯಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್. ತವರಿನಲ್ಲಿ ಅಕ್ಟೋಬರ್ ಚಾಟ್ನಿಯ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸ ಆಗಷ್ಟೇ ಮುಗಿದಿತ್ತು. ಇಬ್ಬರೂ ತಿಕೋಟಾಕ್ಕೆ ಬಂದಿದ್ದರು. ಭಾರತ 298, ದಕ್ಷಿಣ ಆಫ್ರಿಕಾ 246. ಶೆಫಾಲಿ ವರ್ಮಾ 87 ಹೊಡೆದರು, ದೀಪ್ತಿ ಶರ್ಮಾ ಐದು ವಿಕೆಟ್ ಕಿತ್ತರು. ರಾಜೇಶ್ವರಿ ಈ ತಂಡದಲ್ಲಿ ಇರಲಿಲ್ಲ. ಕೊನೆಯ ಕ್ಯಾಚು ಹರ್ಮನ್‌ಪ್ರೀತ್ ಕೌರ್ ಕೈಸೇರಿದಾಗ ಅವನು ಟಿ.ವಿ. ಕಡೆ ನೋಡದೆ ಅವಳ ಕಡೆ ನೋಡಿ ಕೇಳಿದ. "ಲಾರ್ಡ್ಸ್ದು ತೀರ್ತೇನು?"

"ತೀರ್ತ್ರಿ" ಅಂದಳು.

ವಿಜಯಪುರದಲ್ಲಿ ಇಂದೂ ಬ್ಯಾಟು, ಪ್ಯಾಡಿನ ಚೀಲ ಹೊತ್ತು ಬೆಳಗ್ಗೆ ಅಭ್ಯಾಸಕ್ಕೆ ಹೋಗುವ ಹುಡುಗಿಯರಿದ್ದಾರೆ. ಅವರ ಪಂದ್ಯ ನೋಡಲು ಟಿಕೆಟ್ ಬೇಕಿಲ್ಲ, ನೂಕುನುಗ್ಗಲಿಲ್ಲ, ಸಾಕಷ್ಟು ಜಾಗ ಖಾಲಿ ಇರುತ್ತದೆ. ಕೊರಳು ಹರಿಯುವಂತೆ ಆರ್‌ಸಿಬಿ ಎಂದು ಕೂಗುವ ಹುಡುಗರಲ್ಲಿ ಒಂದು ಮಾತು: ಮುಂದಿನ ಸಲ ಜೊತೆಯವಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗುವ ದಿನ, ದಾರಿಯಲ್ಲಿ ಅರ್ಧ ತಾಸು ಆ ಹುಡುಗಿಯರು ಆಡುವ ಮೈದಾನದ ಗೆರೆಯ ಹೊರಗೂ ಕೂತು ಹೋಗಿ.